ಸಿಂಗಳೀಕ ಕಂಡವರಿಗೆ ಗುತ್ತಿ ಯಾಕೆ ಕಾಣಲಿಲ್ಲ?

ಕುದುರೆಮುಖದ ಕಾಡಿನ ಬಗ್ಗೆ ಈಚಿನ ವರ್ಷಗಳಲ್ಲಿ ಕನ್ನಡದಲ್ಲಿ ಬರುತ್ತಿರುವ ಲೇಖನಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಮೊದಲು ಹೊಳೆಯುವ ಮಾತು ಇದು: ಆ ಕಾಡಿನಲ್ಲಿ ಮನುಷ್ಯರೇ ಇಲ್ಲ. ಮಂಜಿದೆ, ಜಲಪಾತವಿದೆ, ಹಸಿರು ಹೊದ್ದ ಗುಡ್ಡಗಳಿವೆ, ಸಿಂಗಳೀಕವಿದೆ. ಇವನ್ನೆಲ್ಲ ನೋಡಿ ಬೆರಗಾಗುವ ಒಬ್ಬ ಲೇಖಕನೂ ಇದ್ದಾನೆ. ಆದರೆ ಆ ಲೇಖಕನಿಗೆ ದಾರಿ ತೋರಿಸಿದವನು ಯಾರು, ಅವನ ಮೂಟೆ ಹೊತ್ತವನು ಯಾರು, ಮರದ ತುದಿಯಲ್ಲಿ ಅಲ್ಲಾಡಿದ್ದು ಕೋತಿಯಲ್ಲ ಸಿಂಗಳೀಕ ಅಂತ ಮೊದಲು ಬೆರಳು ಮಾಡಿದವನು ಯಾರು? ಲೇಖನ ಮುಗಿಯುವ ತನಕ ಅವನು ಬರುವುದಿಲ್ಲ. ಬಂದರೂ 'ನಮ್ಮ ಜೊತೆಗಿದ್ದ ಸ್ಥಳೀಯನೊಬ್ಬ' ಅಂತ ಬರುತ್ತಾನೆ. ಹಕ್ಕಿಗೆ ಹೆಸರುಂಟು, ಹಾವಸೆಗೆ ಹೆಸರುಂಟು, ಅವನಿಗೆ ಮಾತ್ರ ಇಲ್ಲ.

ಮಿಡಿಗೇಶಿಯ ಬೋರೆಯ ಮೇಲೆ ಕೂತವನಿಗೆ ಮಳೆಕಾಡಿನ ಉಸಾಬರಿ ಯಾಕೆ ಅಂತ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮದು ಬಂಡೆ, ಬಂದ್ರೆ, ಜಾಲಿ, ಕಳ್ಳಿಯ ಸೀಮೆ. ಕಡ್ಲೇಕಾಯಿ ಬಿತ್ತಿ ಮುಗಿಲು ನೋಡೋ ಜನ ನಾವು. ಆದರೆ ಈ ಎರಡು ನೆಲಗಳಿಗೂ ಸಂಬಂಧವಿದೆ. ಅರಬ್ಬೀ ಸಮುದ್ರದ ಕಡೆಯಿಂದ ಬರುವ ಮುಂಗಾರಿನ ಮೋಡ ಪಶ್ಚಿಮಘಟ್ಟದ ಗೋಡೆಗೆ ತಾಗಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಹೊತ್ತದ್ದನ್ನೆಲ್ಲ ಅಲ್ಲೇ ಸುರಿಯುತ್ತದೆ. ಕುದುರೆಮುಖ, ಆಗುಂಬೆ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಹತ್ತಿರ ಮಳೆ ಬೀಳುವುದು ಹೀಗೆ. ಗೋಡೆ ದಾಟಿ ಈಚೆಗೆ ಬರುವ ಹೊತ್ತಿಗೆ ಮೋಡದ ಹೊಟ್ಟೆ ಖಾಲಿ. ನಮ್ಮ ಪಾಲಿಗೆ ಬರುವುದು ಹೆಚ್ಚೂಕಡಿಮೆ ಅದರ ಹತ್ತರಲ್ಲೊಂದು ಭಾಗ. ಅಲ್ಲಿ ಕಾಡು ಆಗಿದ್ದಕ್ಕೂ ಇಲ್ಲಿ ಬರಡು ಆಗಿದ್ದಕ್ಕೂ ಕಾರಣ ಆ ಒಂದೇ ಗೋಡೆ. ಆದ್ದರಿಂದ ಆ ಕಾಡಿನ ಬಗ್ಗೆ ಮಾತಾಡೋ ಹಕ್ಕು ಮಿಡಿಗೇಶಿಯವರಿಗೂ ಐತೆ. ಇನ್ನೊಂದು ಕಾರಣವೂ ಇದೆ, ಅದಕ್ಕೆ ಕೊನೆಗೆ ಬರುತ್ತೇನೆ.

ಮೊದಲು ಕಾಡನ್ನು ಸರಿಯಾಗಿ ನೋಡೋಣ. ಕಾಡನ್ನು ಅಲ್ಲಗಳೆದು ಜನರ ಪರ ಮಾತಾಡಿದರೆ ಅದೂ ಅರೆಬೆಂದ ಮಾತಾಗುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿಕೊಂಡಿರುವ ಸುಮಾರು 600 ಚದರ ಕಿಲೋಮೀಟರಿನ ನೆಲ. ಎತ್ತರದಲ್ಲಿ ಬೋಳು ಹುಲ್ಲುಗಾವಲು. ಎರಡು ಗುಡ್ಡ ಕೂಡುವ ಮಡಿಕೆಗಳಲ್ಲಿ ಮಾತ್ರ ಒತ್ತಾಗಿ ಬೆಳೆದ ಗಿಡ್ಡ ಮರಗಳು. ಅದಕ್ಕೆ ಶೋಲಾ ಕಾಡು ಅನ್ನುತ್ತಾರೆ. ಹುಲ್ಲೂ ಶೋಲಾ ಕಾಡೂ ಸೇರಿ ಮಳೆಗಾಲದ ನೀರನ್ನು ಹತ್ತಿ ಹೀರಿಕೊಂಡಂತೆ ಹೀರಿಕೊಂಡು ಬೇಸಿಗೆಯುದ್ದಕ್ಕೂ ತೊಟ್ಟುತೊಟ್ಟಾಗಿ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇಲ್ಲಿನ ಗಂಗಾಮೂಲದ ಸುತ್ತಿನಲ್ಲಿ. ನೇತ್ರಾವತಿ ಪಡುವಣಕ್ಕೆ ಇಳಿದು ಮಂಗಳೂರಿನ ಕಡೆ ಹೋಗುತ್ತಾಳೆ. ತುಂಗೆ ಭದ್ರೆಯರು ಮೂಡಣದ ಕಡೆ ಹರಿದು ಕೂಡ್ಲಿಯಲ್ಲಿ ಸೇರುತ್ತಾರೆ. ಭದ್ರೆಯ ದಡದಲ್ಲೇ ಭದ್ರಾವತಿ. 1970ರ ದಶಕದಲ್ಲಿ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದ್ದು ಅದೇ ಊರಿನಲ್ಲಿ ಪಾಠ ಹೇಳಿಕೊಂಡು. ನಮ್ಮ ಗೆಳೆಯರು ಆ ನೀರು ಕುಡಿದೇ ಘೋಷಣೆ ಕೂಗಿದ್ದು.

ಗುಡ್ಡದ ಕೆಳಗಿನ ಪಡುವಣ ಇಳಿಜಾರಿನಲ್ಲಿ ನಿಜವಾದ ಮಳೆಕಾಡು. ಧೂಪ, ಬಲಗಿ, ಹೆಬ್ಬಲಸು, ರಾಮಪತ್ರೆ, ಉಪ್ಪಾಗೆ, ಕೆಳಗೆ ಬೆತ್ತದ ಪೊದೆ. ಮರದ ತಲೆಗೆ ತಲೆ ಹೆಣೆದುಕೊಂಡು ಬಿಸಿಲು ನೆಲಕ್ಕೆ ಬೀಳುವುದೇ ಅಪರೂಪ. ಸಿಂಗಳೀಕದ ಬದುಕು ಈ ಹೆಣಿಗೆಯ ಮೇಲೆಯೇ. ಕರೀ ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಸಿಂಹದ ಬಾಲದಂತೆ ಕುಚ್ಚು. ಪಶ್ಚಿಮಘಟ್ಟ ಬಿಟ್ಟರೆ ಪ್ರಪಂಚದ ಬೇರೆಲ್ಲೂ ಕಾಡಿನಲ್ಲಿ ಇದು ಇಲ್ಲ. ಕೊಂಬೆಯಿಂದ ಕೊಂಬೆಗೆ ಹಣ್ಣು ಹುಡುಕಿಕೊಂಡು ಹೋಗುತ್ತದೆ, ನೆಲಕ್ಕೆ ಇಳಿಯುವುದು ಕಮ್ಮಿ. ಮಧ್ಯೆ ಒಂದು ಅಗಲವಾದ ರಸ್ತೆ ಬಿದ್ದರೆ, ಒಂದು ತೋಟ ಎದ್ದರೆ, ಗುಂಪು ಎರಡು ಹೋಳಾಗುತ್ತದೆ. ಕಾಡೆಮ್ಮೆ, ಕಡವೆ, ಸೀಳುನಾಯಿ, ಹುಲಿ, ಮಂಗಟ್ಟೆ ಹಕ್ಕಿ, ಕಾಳಿಂಗ ಎಲ್ಲವೂ ಅಲ್ಲಿವೆ. ಉಂಬಳವೂ ಐತೆ. ಅದಂತೂ ಕಾಲು ಹಿಡಿಯುವ ಮುಂಚೆ ಜಾತಿ ಕೇಳುವುದಿಲ್ಲ.

ಈಗ ಸಾಹಿತ್ಯಕ್ಕೆ ಬರೋಣ. ಮಳೆಕಾಡನ್ನು ಕನ್ನಡದಲ್ಲಿ ಬರೆದವರು ಯಾರು, ಅವರ ಕಾಡಿನಲ್ಲಿ ಯಾರು ನಡೀತಾರೆ?

ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. 'ಬೆಟ್ಟದ ಜೀವ' ಬಂದದ್ದು 1943ರಲ್ಲಿ. ನಮ್ಮ ವಿಮರ್ಶಕರು ಒಂದನ್ನು ದಲಿತರ ಕಾದಂಬರಿ ಅಂತಲೂ ಇನ್ನೊಂದನ್ನು ಪ್ರಕೃತಿಯ ಕಾದಂಬರಿ ಅಂತಲೂ ಬೇರೆಬೇರೆ ಕಪಾಟಿನಲ್ಲಿ ಇಟ್ಟರು. ಎರಡನ್ನೂ ಒಟ್ಟಿಗೆ ಓದಿ ನೋಡಿ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಗೋಪಾಲಯ್ಯ ಎಂಬ ಬ್ರಾಹ್ಮಣ ಕಾಡು ಕಡಿದು ಕಾಟುಮೂಲೆಯಲ್ಲಿ ತೋಟ ಎಬ್ಬಿಸುತ್ತಾನೆ. ಆನೆಯ ಕಾಟ, ಹುಲಿಯ ಕಾಟ ಎಲ್ಲವನ್ನೂ ಎದುರಿಸುತ್ತಾನೆ. ಓದುಗನಿಗೆ ಅವನ ಮೇಲೆ ಪ್ರೀತಿ ಹುಟ್ಟುತ್ತದೆ, ಹುಟ್ಟಬೇಕಾದದ್ದೇ, ಕಾರಂತರ ಕೈ ಅಂಥದ್ದು. ಅದೇ ಸೀಮೆಯ ಚೋಮನಿಗೆ ಬೇಕಾದದ್ದು ಎಷ್ಟು? ಬೇಸಾಯಕ್ಕೆ ಒಂದು ತುಂಡು ಗದ್ದೆ. ಎತ್ತು ಇದೆ, ತೋಳಿನಲ್ಲಿ ಬಲವಿದೆ, ಆಸೆಯಿದೆ. ಅವನು ಹೊಲೆಯನಾದ್ದರಿಂದ ಗದ್ದೆ ಸಿಗುವುದಿಲ್ಲ. ಒಬ್ಬನಿಗೆ ಕಾಡೇ ಬಿಟ್ಟುಕೊಡುತ್ತದೆ, ಇನ್ನೊಬ್ಬನಿಗೆ ಊರಿನ ಗದ್ದೆಯ ಮೂಲೆಯೂ ಇಲ್ಲ. ಒಂದೇ ಲೇಖಕನ ಪೆನ್ನಿನಿಂದ ಹತ್ತು ವರ್ಷದ ಅಂತರದಲ್ಲಿ ಈ ಎರಡೂ ಬಂದಿವೆ. ಗೋಪಾಲಯ್ಯನ ಸಾಹಸವನ್ನು ಹೊಗಳುವ ವಿಮರ್ಶಕ, ಇದೇ ಕತ್ತಿ ಚೋಮನ ಕೈಲಿ ಇದ್ದು ಅವನು ಕಾಡಿಗೆ ನುಗ್ಗಿದ್ದರೆ ಅದಕ್ಕೆ ಏನು ಹೆಸರು ಇಡುತ್ತಿದ್ದರು ಅಂತ ಕೇಳಿಕೊಂಡಿದ್ದಾನೆಯೆ? ಸಾಹಸ ಅನ್ನುತ್ತಿರಲಿಲ್ಲ. ಒತ್ತುವರಿ ಅನ್ನುತ್ತಿದ್ದರು.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಬೇರೆ ಜಾತಿಯ ಪುಸ್ತಕ. ಆ ದೊಡ್ಡ ಕಾದಂಬರಿಯ ಕಾಡನ್ನು ನಮಗೆ ನಡೆದು ತೋರಿಸುವವನು ನಾಯಿಗುತ್ತಿ. ಅವನು ಜೀತದಾಳು. ಬೇರೆ ಒಡೆಯನ ಕೇರಿಯ ತಿಮ್ಮಿಯನ್ನು ಮದುವೆಯಾಗಬೇಕಾದರೆ ಹಾರಿಸಿಕೊಂಡೇ ಹೋಗಬೇಕು, ಏಕೆಂದರೆ ಹುಡುಗಿಯೂ ಒಡೆಯನ ಆಸ್ತಿಯ ಲೆಕ್ಕ. ಜೊತೆಗಿರುವುದು ಹುಲಿಯ ಎಂಬ ನಾಯಿ. ತೀರ್ಥಹಳ್ಳಿ ಸೀಮೆಯ ಆ ಕಾಡಿನ ದೂರ, ಕತ್ತಲೆ, ಮಳೆ, ಇಳಿಜಾರು ಎಲ್ಲವೂ ನಮಗೆ ಗೊತ್ತಾಗುವುದು ಗುತ್ತಿಯ ಬರಿಗಾಲಿನಿಂದ. ಇದು ಸಣ್ಣ ಮಾತಲ್ಲ. ಊರಿನಲ್ಲಿ ಅವನು ಅಂಗಳದ ಆಚೆ ನಿಲ್ಲಬೇಕು, ಒಡೆಯನ ದನಿಗೆ ತಗ್ಗಬೇಕು. ಕಾಡಿಗೆ ಕಾಲಿಟ್ಟ ಮೇಲೆ ಅವನು ತಿಳಿದವನು, ಅವನೇ ಮುಂದೆ. ಹುಲಿಕಲ್ಲಿನ ಕಾಡನ್ನು ಕತ್ತಲಲ್ಲಿ ಏರಬಲ್ಲವನಿಗೆ ಒಡೆಯನ ಮನೆಯ ಮೂರು ಮೆಟ್ಟಿಲು ಏರಲಾಗುವುದಿಲ್ಲ. ಕಾದಂಬರಿಯ ಕೊನೆಗೆ ತುಂಬಿ ಹರಿಯುವ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುತ್ತದೆ. ಓದಿ ಅತ್ತವರು ಬಹಳ ಜನ. ನಾಯಿಗೆ ಅತ್ತವರಲ್ಲಿ ಎಷ್ಟು ಮಂದಿ ಗುತ್ತಿಗೆ ಅತ್ತರು ಅನ್ನುವುದು ಬೇರೆ ಲೆಕ್ಕ.

ತಪ್ಪು ಕುವೆಂಪು ಅವರದ್ದಲ್ಲ, ಅವರನ್ನು ಓದಿಸಿದವರದ್ದು. ಕಾಲೇಜುಗಳಲ್ಲಿ ಆ ಕಾದಂಬರಿಯನ್ನು 'ಮಲೆನಾಡಿನ ಪ್ರಕೃತಿ ವರ್ಣನೆ', 'ದರ್ಶನ', 'ಮಹಾಕಾವ್ಯದ ವಿಸ್ತಾರ' ಅಂತ ಪಾಠ ಮಾಡಿದರು. ಪ್ರಕೃತಿಯನ್ನು ಗುತ್ತಿಯ ಕಾಲಿನಿಂದ ಬಿಡಿಸಿಕೊಂಡು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದರು. ಮುಂದೆ ಬಂದ ಕಾಡಿನ ಬರವಣಿಗೆ ಕಲಿತದ್ದು ಈ ಚೌಕಟ್ಟಿನಿಂದ, ಕಾದಂಬರಿಯಿಂದಲ್ಲ.

ತೇಜಸ್ವಿಯವರ 'ಕರ್ವಾಲೊ' (1980) ಈ ಇಬ್ಬರ ನಡುವೆ ನಿಂತಿದೆ. ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವ ಕತೆ ಎಲ್ಲರಿಗೂ ಗೊತ್ತು. ಅದನ್ನು ಮೊದಲು ಕಂಡವನು ವಿಜ್ಞಾನಿಯಲ್ಲ, ಮಂದಣ್ಣ. ಊರು ಅವನನ್ನು ದಡ್ಡ ಅಂತ ಲೆಕ್ಕ ಹಾಕಿದೆ, ಕೋರ್ಟು ಕಚೇರಿಗೆ ಎಳೆದಿದೆ. ಕರ್ವಾಲೊ ಒಬ್ಬರು ಮಾತ್ರ ಅವನೊಳಗಿನ ಪರಿಸರಜ್ಞಾನಿಯನ್ನು ಗುರುತಿಸುತ್ತಾರೆ. ಅಡುಗೆಯ ಬಿರಿಯಾನಿ ಕರಿಯಪ್ಪನೂ ಆ ತಂಡದಲ್ಲಿದ್ದಾನೆ, ತಂಡ ಅವನಿಲ್ಲದೆ ಮುಂದೆ ಹೋಗುವುದಿಲ್ಲ. ತಿಳುವಳಿಕೆ ಅನ್ನುವುದು ಪದವಿಯವರ ಸೊತ್ತಲ್ಲ ಅಂತ ಇಷ್ಟು ನಗುನಗುತ್ತಾ ಹೇಳಿದ ಪುಸ್ತಕ ಕನ್ನಡದಲ್ಲಿ ಇನ್ನೊಂದಿಲ್ಲ. ಆದರೂ ಒಂದು ತಕರಾರು ಉಳಿಯುತ್ತದೆ. ಮಂದಣ್ಣನ ತಿಳುವಳಿಕೆಗೆ ಬೆಲೆ ಬರಬೇಕಾದರೆ ಕರ್ವಾಲೊ ಅದಕ್ಕೆ ಸಹಿ ಹಾಕಬೇಕು. ಸಹಿ ಹಾಕುವ ಕರ್ವಾಲೊ ಒಳ್ಳೆಯವರಾದ್ದರಿಂದ ಕತೆ ಸಾಗಿತು. ಸಹಿ ಹಾಕುವವನು ಕಾಡಿನ ಇಲಾಖೆಯ ಅಧಿಕಾರಿಯಾದರೆ?

ಆ ಪ್ರಶ್ನೆ ಕಾದಂಬರಿಯ ಹೊರಗೆ, ಅದೇ ಘಟ್ಟದ ಮೇಲೆ ನಿಜವಾಯಿತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾಯಿತು. ಸರ್ಕಾರದ್ದೇ ಕಂಪನಿ. ಅದಿರು ಬೇಕಾಗಿದ್ದದ್ದು ಇರಾನಿನ ಷಹಾನಿಗೆ. 1979ರ ಕ್ರಾಂತಿಯಲ್ಲಿ ಷಹಾ ಓಡಿಹೋದ, ಗುಡ್ಡ ಅಗೆಯುವುದು ಮಾತ್ರ ನಿಲ್ಲಲಿಲ್ಲ. ಅಲ್ಲಿನ ಅದಿರಿನಲ್ಲಿ ಕಬ್ಬಿಣದ ಅಂಶ ಕಮ್ಮಿ. ಆದ್ದರಿಂದ ಕಲ್ಲನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ರಾಡಿ ಮಾಡಿ ಘಟ್ಟದ ಕೆಳಗೆ ಮಂಗಳೂರಿನ ತನಕ ಕೊಳವೆಯಲ್ಲಿ ಹರಿಸಿದರು. ಉಳಿದ ಗಸಿಯನ್ನು ನಿಲ್ಲಿಸುವುದಕ್ಕೆ ಲಕ್ಯಾ ಹೊಳೆಗೆ ಅಣೆಕಟ್ಟು ಹಾಕಿದರು. ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿದಳು.

1980ರ ದಶಕದ ಮೊದಲಲ್ಲಿ ಉಲ್ಲಾಸ ಕಾರಂತರು ಕರ್ನಾಟಕದ ಕಾಡುಗಳಲ್ಲಿ ಸಿಂಗಳೀಕದ ಸಮೀಕ್ಷೆ ಮಾಡಿ ಈ ಕಾಡನ್ನು ಉಳಿಸಬೇಕೆಂದರು. 'ಬೆಟ್ಟದ ಜೀವ' ಬರೆದ ಶಿವರಾಮ ಕಾರಂತರ ಮಗ ಅವರು. ಅಪ್ಪನ ಪುಸ್ತಕದಲ್ಲಿ ಕಾಡು ಕಡಿದವನು ನಾಯಕ, ಮಗನ ವರದಿಯಲ್ಲಿ ಕಾಡು ಕಡಿಯದಿರುವುದೇ ಗುರಿ. ಈ ಸಮೀಕ್ಷೆಯ ಬೆಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ, ಅದಿಲ್ಲದೆ ಇವತ್ತು ಅಲ್ಲಿ ಸಿಂಗಳೀಕಕ್ಕೆ ಹಾರಲು ಕೊಂಬೆ ಇರುತ್ತಿರಲಿಲ್ಲವೇನೊ. 1987ರಲ್ಲಿ ರಾಷ್ಟ್ರೀಯ ಉದ್ಯಾನದ ಘೋಷಣೆಯಾಯಿತು, 2001ರಲ್ಲಿ ಕೊನೆಯ ಅಧಿಸೂಚನೆ ಬಂತು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಉದ್ಯಾನದೊಳಗೆ ಯಾರಿಗೂ ಯಾವ ಹಕ್ಕೂ ಉಳಿಯಕೂಡದು. ಆದರೆ ಗಣಿ? ಸುಪ್ರೀಂ ಕೋರ್ಟು 2002ರ ಅಕ್ಟೋಬರಿನಲ್ಲಿ ಆದೇಶ ಕೊಟ್ಟು, 2005ರ ಕೊನೆಗೆ ಅದು ನಿಂತಿತು. ಅಂದರೆ ಘೋಷಣೆಯಾದ ಮೇಲೂ ಹದಿನೆಂಟು ವರ್ಷ ಗುಡ್ಡ ಒಡೆಯುವ ಡೈನಮೈಟು ಮಳೆಕಾಡಿನ ಮಗ್ಗುಲಲ್ಲೇ ಸದ್ದು ಮಾಡಿತು. ಅದೇ ಹದಿನೆಂಟು ವರ್ಷ ಮಲೆಕುಡಿಯರು ಜೇನು ಕಿತ್ತರೆ, ರಾಮಪತ್ರೆ ಆರಿಸಿದರೆ, ಗುಡಿಸಲಿಗೆ ಹೊಸ ಗಳು ಹಾಕಿದರೆ ತಪ್ಪಿತಸ್ಥರಾದರು. ಹೆಚ್ಚು ವಿವರಿಸುವ ಅಗತ್ಯವಿಲ್ಲ.

ಈ ಹೊತ್ತಿನ ಕಾಡಿನ ಬರವಣಿಗೆಯಲ್ಲಿ ಗಣಿ ಇದೆ, ಕೋರ್ಟು ಇದೆ, ಗೆದ್ದ ಪರಿಸರವಾದಿ ಇದ್ದಾನೆ. ಮಲೆಕುಡಿಯ ಬಂದರೆ ಎರಡು ವೇಷದಲ್ಲಿ ಮಾತ್ರ ಬರುತ್ತಾನೆ. ಒಂದು, ಕಾಡಿಗೆ ಹೊರೆಯಾದವನು, ಪರಿಹಾರ ಕೊಟ್ಟು ಕೆಳಗೆ ಇಳಿಸಬೇಕಾದವನು. ಇನ್ನೊಂದು, ಮುಗ್ಧ, ಪ್ರಕೃತಿಯ ಮಗು. ಎರಡರಲ್ಲೂ ಅವನಿಗೆ ಬಾಯಿಲ್ಲ. ಸಿಂಗಳೀಕ ಯಾವ ತಿಂಗಳು ಯಾವ ಮರಕ್ಕೆ ಬರುತ್ತದೆ ಅಂತ ತಿಳಿಯಬೇಕಾದರೆ ಅವನನ್ನೇ ಕೇಳುತ್ತಾರೆ. ಕಾಡು ಹೇಗೆ ಉಳಿಯಬೇಕು ಅಂತ ತೀರ್ಮಾನ ಮಾಡುವಾಗ ಕೇಳುವುದಿಲ್ಲ. ನಮ್ಮ ಕಡೆ ಒಂದು ಮಾತಿದೆ, ದನ ಕಾಯೋನಿಗೆ ಸಂತೇಲಿ ಏನು ಕೆಲಸ ಅಂತ. ಆ ಮಾತು ಹುಟ್ಟಿಸಿದವನು ದನದ ಒಡೆಯ, ಕಾಯುವವನಲ್ಲ.

ಈ ಜನ ಓದಿದರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಪ್ರಸಂಗವಿದೆ. 2003ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಇಬ್ಬರು ಯುವತಿಯರು ಪೋಲೀಸರ ಗುಂಡಿಗೆ ಸತ್ತ ಮೇಲೆ ಇಡೀ ಕಾಡು ನಕ್ಸಲರ ಕಾಡು ಅಂತ ಪೇಪರಿನಲ್ಲಿ ಹೆಸರಾಯಿತು. 2012ರಲ್ಲಿ, ಉದ್ಯಾನದೊಳಗಿನ ಕುತ್ಲೂರಿನಲ್ಲಿ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ಒಬ್ಬ ಮಲೆಕುಡಿಯ ವಿದ್ಯಾರ್ಥಿಯನ್ನೂ ಅವನ ತಂದೆಯನ್ನೂ ಬಂಧಿಸಿದರು. ಮನೆಯಲ್ಲಿ ಸಿಕ್ಕ ಸಾಕ್ಷ್ಯ ಏನು? ಪುಸ್ತಕಗಳು, ಪತ್ರಿಕೆಯ ತುಣುಕುಗಳು. ಭಗತ್ ಸಿಂಗನ ಪುಸ್ತಕವೂ ಅದರಲ್ಲಿತ್ತು. 2021ರಲ್ಲಿ ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಬಿಡುಗಡೆ ಮಾಡಿತು. ಒಂಬತ್ತು ವರ್ಷ! ಪೇಟೆಯ ಲೇಖಕ ಕುದುರೆಮುಖಕ್ಕೆ ಹೋಗುವಾಗ ಚೀಲದಲ್ಲಿ ಪುಸ್ತಕ ಇಟ್ಟುಕೊಂಡರೆ ಅವನು ಸಂವೇದನಾಶೀಲ. ಕುತ್ಲೂರಿನ ಹುಡುಗ ಗುಡಿಸಲಲ್ಲಿ ಪುಸ್ತಕ ಇಟ್ಟುಕೊಂಡರೆ ಅದು ಪಂಚನಾಮೆಗೆ ಸೇರುವ ವಸ್ತು. ಮಳೆಕಾಡಿನ ಸಾಹಿತ್ಯದ ವಿಮರ್ಶೆ ಬರೆಯುವವರು ಈ ಪಂಚನಾಮೆಯನ್ನು ಬಿಟ್ಟು ಬರೆದರೆ ಅದು ಅರ್ಧ ವಿಮರ್ಶೆ. ಆ ಕಾಡಿನೊಳಗಿನಿಂದಲೇ ಒಂದು ಪುಸ್ತಕ ಯಾಕೆ ಬರಲಿಲ್ಲ ಅಂತ ಕೇಳುವವರಿಗೆ ಉತ್ತರವೂ ಅದರಲ್ಲೇ ಇದೆ.

ಹಾಗಾದರೆ ಕಾಡು ಬೇಡವೆ? ಕೆಲವು ಗೆಳೆಯರು ಆವೇಶದಲ್ಲಿ ಹಾಗೆ ಮಾತಾಡುವುದುಂಟು, ಮನುಷ್ಯನಿಗಿಂತ ಕೋತಿ ಹೆಚ್ಚಾಯಿತೆ ಅಂತ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಅದು ಗಣಿ ಕಂಪನಿಯ ಬಾಯಿಗೂ ಚೆನ್ನಾಗಿ ಹೊಂದುವ ಮಾತು. ಮರದ ಹೆಣಿಗೆ ಕಿತ್ತರೆ ಸಿಂಗಳೀಕದ ಜೊತೆಗೆ ಜೇನೂ ಹೋಗುತ್ತದೆ, ಹೊಳೆಯೂ ಹೋಗುತ್ತದೆ, ಆಮೇಲೆ ಮಲೆಕುಡಿಯನಿಗೆ ಉಳಿಯುವುದು ಎಸ್ಟೇಟಿನ ಕೂಲಿ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಮೀಸಲಿನೊಳಗೇ ತಮ್ಮ ಸಮುದಾಯದ ಹಕ್ಕುಪತ್ರ ಪಡೆದರು. ಹುಲಿಯೂ ಅಲ್ಲೇ ಇದೆ, ಸೋಲಿಗರೂ ಅಲ್ಲೇ ಇದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಕುದುರೆಮುಖಕ್ಕೂ ಅನ್ವಯಿಸುತ್ತದೆ. ಇದರ ಬಗ್ಗೆ ಒಂದು ಸಾಲೂ ಬರೆಯದೆ ಮಂಜಿನ ಬಗ್ಗೆ ನಾಲ್ಕು ಪುಟ ಬರೆಯುವುದನ್ನು ಪ್ರಕೃತಿಪ್ರೇಮ ಅಂತ ನಂಬಲು ನಾನು ತಯಾರಿಲ್ಲ.

ಇನ್ನೊಂದು ಕಾರಣವಿದೆ ಅಂದೆನಲ್ಲ, ಅದು ನೀರು. ಮಳೆಕಾಡಿನ ನೀರು ಈಗ ನಮ್ಮ ಕಡೆ ಹೊರಟಿದೆ. ಸಕಲೇಶಪುರದ ಕಾಡಿನಲ್ಲಿ ಪಡುವಣಕ್ಕೆ ಹರಿದು ನೇತ್ರಾವತಿ ಸೇರುವ ಹಳ್ಳಗಳನ್ನು ತಡೆದು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಕೊಟ್ಟರು. ಲೆಕ್ಕದಲ್ಲಿ 24 ಟಿ.ಎಂ.ಸಿ. ನೀರು. ಕೊರಟಗೆರೆ, ಮಧುಗಿರಿಯ ಕೆರೆಗಳ ಹೆಸರೂ ಅದರಲ್ಲಿದೆ. ಭದ್ರಾ ಮೇಲ್ದಂಡೆಯ ಕಾಲುವೆ ಶಿರಾ ಕಡೆ ಮುಖ ಮಾಡಿದೆ, ತುಂಗಭದ್ರೆಯ ನೀರು ಪಾವಗಡಕ್ಕೆ ಅಂತ ಯೋಜನೆಯಾಗಿದೆ. ಪಾವಗಡದ ಕೊಳವೆಬಾವಿಯ ಫ್ಲೋರೈಡು ನೀರು ಕುಡಿದು ಹಲ್ಲು ಕಂದಿ, ಮೂಳೆ ಬಾಗಿದ ಜನಕ್ಕೆ ಗಂಗಾಮೂಲದ ನೀರು ಬೇಡ ಅನ್ನುವ ಎದೆ ಯಾರಿಗಿದೆ? ನನಗಂತೂ ಇಲ್ಲ.

ಆದರೆ ಇಲ್ಲೂ ಬರವಣಿಗೆಯ ಅದೇ ರೋಗ. ಘಟ್ಟದ ಕೆಳಗಿನವರು ಬರೆಯುವಾಗ ಬಯಲುಸೀಮೆ ಅಂದರೆ ದಾಳಿಂಬೆ ತೋಟದ ದುರಾಸೆ. ನಮ್ಮ ಕಡೆಯ ಮುಖಂಡರು ಭಾಷಣ ಮಾಡುವಾಗ ಮಳೆಕಾಡು ಅಂದರೆ 'ಸುಮ್ಮನೆ ಸಮುದ್ರಕ್ಕೆ ಹೋಗೋ ನೀರು'. ಆ ನೀರಿನ ದಾರಿಯಲ್ಲಿ ಮೀನುಂಟು, ಕಪ್ಪೆಯುಂಟು, ಕಾಡುಂಟು, ಜನರುಂಟು ಅನ್ನುವುದು ಇವರಿಗೆ ಬೇಡ. ಬಂದ ನೀರು ಕೆರೆಗೆ ಬಿದ್ದ ಮೇಲೆ ಅಚ್ಚುಕಟ್ಟು ಯಾರದು, ಕೇರಿಯ ಕಡೆ ನಲ್ಲಿ ಎಷ್ಟು ಹೊತ್ತು ಬಿಡ್ತಾರೆ ಅನ್ನುವುದು ಅವರಿಗೂ ಬೇಡ, ಇವರಿಗೂ ಬೇಡ. 1927ರಲ್ಲಿ ಮಹಾಡಿನ ಕೆರೆಗೆ ಅಂಬೇಡ್ಕರ್ ಕೈಯಿಟ್ಟಾಗ ಆ ಕೆರೆಯಲ್ಲಿ ನೀರಿಗೆ ಬರವಿರಲಿಲ್ಲ.

ನೀರಿನದು ದೂರದ ಮಾತು ಅನ್ನುವವರಿಗೆ ಹತ್ತಿರದ್ದೇ ಹೇಳುತ್ತೇನೆ. ನಮ್ಮ ತಾಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಅಂತ ಮಾಡಿದರು. ಮಳೆಕಾಡಲ್ಲ, ಬಯಲು. ಸಿಂಗಳೀಕಕ್ಕೆ ಕೊಂಬೆ ಎಷ್ಟೋ ಕೃಷ್ಣಮೃಗಕ್ಕೆ ಹುಲ್ಲು ಅಷ್ಟು. ಓಡೋಕೆ ಕಣ್ಣಳತೆಯ ಬಯಲು ಬೇಕು, ಮರ ನೆಟ್ಟು ಕಾಡು ಮಾಡುತ್ತೇವೆ ಅಂದರೆ ಅದರ ಮನೆ ಹೋಯಿತು. ಅಲ್ಲಿಗೂ ಈಗ ಕ್ಯಾಮರಾ ಹೊತ್ತವರು ಬರುತ್ತಾರೆ. ಇರಳೆಯ ಸುತ್ತುಗೊಂಬಿನ ಚಂದ ಬರೆಯುತ್ತಾರೆ. ಆ ಬಯಲಲ್ಲಿ ಕುರಿ ಕಾದವರು, ಮೇವು ಕುಯ್ದವರು, ಸಗಣಿ ಆರಿಸಿದ ನಮ್ಮ ಕೇರಿಯ ಹೆಂಗಸರು ಆ ಫೋಟೋದ ಚೌಕಟ್ಟಿನಿಂದ ಆಗಲೇ ಆಚೆ ಹೋಗುತ್ತಿದ್ದಾರೆ. ಕುದುರೆಮುಖದಲ್ಲಿ ತಡವಾಯಿತು. ಇಲ್ಲಿ ಇನ್ನೂ ಮುದುಕರು ಇದ್ದಾರೆ, ಯಾವ ಹುಲ್ಲು ಯಾವ ಮಳೆಗೆ ಚಿಗುರುತ್ತದೆ, ಹುಲ್ಲೆ ಮರಿ ಹಾಕೋದು ಯಾವ ಕಡೆ ಅಂತ ಬಾಯಲ್ಲಿ ಹೇಳುವವರು ಇದ್ದಾರೆ. ಅವರ ಹೆಸರು ಹಾಕಿ, ಅವರ ಮಾತಿನಲ್ಲೇ ಬರಕೊಳ್ಳುವ ಕೆಲಸ ಆಗಬೇಕು. ಶಿರಾ, ಕೊರಟಗೆರೆ, ಪಾವಗಡದ ಗೆಳೆಯರು ಒಂದು ಭಾನುವಾರ ಬಿಡುವು ಮಾಡಿಕೊಂಡು ಮಧುಗಿರಿಗೆ ಬಂದರೆ ಅಲ್ಲಿಂದ ಒಟ್ಟಿಗೆ ಹೋಗೋಣ. ಕ್ಯಾಮರಾ ಬೇಕಿಲ್ಲ, ಒಂದು ನೋಟು ಪುಸ್ತಕ ತನ್ನಿ.